ಕಾಲು ಮೈಲಿಯ ನೆಟ್ಟಗಿನ ರಸ್ತೆ

ನನಗೆ ವೇಗವೆಂದರೆ ಭಯ. ಪುಣೆಯಲ್ಲಿ ಇಪ್ಪತ್ತು ವರ್ಷ ಸ್ಕೂಟರ್ ಓಡಿಸಿದವನು ಹೀಗೆಂದರೆ ಯಾರೂ ನಂಬುವುದಿಲ್ಲ. ಕೋಥರೂಡದ ಮನೆಯಿಂದ ಖಡಕಿಯ ಕಚೇರಿ ಮುಟ್ಟಲು ನಾನು ತೆಗೆದುಕೊಳ್ಳುತ್ತಿದ್ದ ಹೊತ್ತನ್ನು ಬಲ್ಲವರು ಮಾತ್ರ ನಂಬಿಯಾರು. ಇಂಥವನ ಮಗಳು ವೈದೇಹಿ, ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಕಾಲೇಜಿನಿಂದ ಬಂದವಳೇ ಡ್ರ್ಯಾಗ್ ರೇಸಿಗೆ ಹೆಸರು ಕೊಟ್ಟಿದ್ದೇನೆಂದಳು.

ಹಾಗೆಂದರೇನೆಂದು ನಿಘಂಟು ತೆಗೆದೆ. ಭಯವಾದಾಗ ನಿಘಂಟು ತೆಗೆಯುವುದು ನನ್ನ ಹಳೆಯ ಚಟ. ಎಳೆಯುವುದು ಎಂದಿತ್ತು. ಆ ಹೆಸರು ಬಂದದ್ದು ಅಮೆರಿಕದ ಊರುಗಳಲ್ಲಿ ಡ್ರ್ಯಾಗ್ ಎಂದೇ ಕರೆಯುವ ಪೇಟೆಬೀದಿಯಿಂದ ಎನ್ನುವವರಿದ್ದಾರೆ. ಗ್ಯಾರೇಜಿನಿಂದ ಕಾರನ್ನು ಹೊರಗೆಳೆದು ತಾ ಎಂಬ ಸವಾಲಿನಿಂದ ಎನ್ನುವವರೂ ಇದ್ದಾರೆ. ಖಚಿತವಾಗಿ ಯಾರಿಗೂ ತಿಳಿಯದು. ತಿಳಿದಿರುವುದಿಷ್ಟೇ: ಕಾಲು ಮೈಲಿ ನೆಟ್ಟಗಿನ ಹಾದಿ, ಎರಡೇ ಗಾಡಿ, ಹಸಿರು ದೀಪ ಬಿದ್ದೊಡನೆ ಓಟ. ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯುವ ಕೆಲಸಕ್ಕೆ ವೈದೇಹಿ ಮೂರು ತಿಂಗಳು ನನ್ನ ಒಪ್ಪಿಗೆ ಬೇಡಿದಳು. ಸೋತರೆ ಇನ್ನೊಂದು ಸರದಿ ಇಲ್ಲ ಎಂದೂ ಹೇಳಿದ್ದಳು. ಕೊನೆಗೆ ಒಪ್ಪಿದೆ.

ಊರಾಚೆ ಬಳಕೆಯಲ್ಲಿಲ್ಲದ ಒಂದು ವಿಮಾನಪಟ್ಟಿ. ವೈದೇಹಿ ತನ್ನ ಬೈಕನ್ನು ಗೆರೆಯ ಮೇಲೆ ತಂದು ನಿಲ್ಲಿಸಿದಳು. ಪಕ್ಕದ ಹುಡುಗ ಎಂಜಿನ್ನನ್ನು ಗುರುಗುಟ್ಟಿಸುತ್ತಿದ್ದ. ಕೆಂಪು ದೀಪ ಹತ್ತಿತು. ನನ್ನ ಮಗಳು ಶಾಂತವಾಗಿ ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿದಳು.

ತಪ್ಪು ಅವಳದಲ್ಲ. ಸಿಗ್ನಲ್ಲಿನಲ್ಲಿ ಪೆಟ್ರೋಲ್ ಉಳಿಸುವುದು ನಮ್ಮ ಮನೆಯ ಸಂಧ್ಯಾವಂದನೆ. ಗಾಡಿ ಕಲಿಸುವಾಗ ಬ್ರೇಕಿಗಿಂತ ಮೊದಲು ನಾನು ಕಲಿಸಿದ್ದೇ ಅದನ್ನು. ಹಸಿರು ಬಿತ್ತು, ಹುಡುಗ ಹೋದ. ಇವಳು ಒಂದು ಕಿಕ್, ಎರಡು ಕಿಕ್, ಮೂರನೆಯದಕ್ಕೆ ಹೊರಟಳು. ಅವನು ಆಚೆ ತುದಿಯಲ್ಲಿ ಹೆಲ್ಮೆಟ್ ತೆಗೆಯುತ್ತಿದ್ದಾಗ ಇವಳಿನ್ನೂ ನಡುಹಾದಿಯಲ್ಲಿದ್ದಳು. ನೋಡುತ್ತಿದ್ದವರು ನಕ್ಕರು. ಮೂರು ತಿಂಗಳ ಆಸೆಯನ್ನು ನನ್ನ ಒಂದು ಚಮಚೆ ಪೆಟ್ರೋಲು ನುಂಗಿತ್ತು.

ತುದಿಯವರೆಗೆ ಏದುಸಿರು ಬಿಡುತ್ತಾ ಹೋದೆ. "ತಪ್ಪು ನಂದವಾ," ಎಂದೆ.

"ಹೌದ್ರಿ ಅಪ್ಪಾ, ನಿಮ್ದs," ಎಂದಳು. ಅತ್ತಂತೆ ಕಾಣಲಿಲ್ಲ; ಕಣ್ಣು ಹೊಳೆಯುತ್ತಿದ್ದವು. "ಆದ್ರ ಅವಗ ಬಾಜೂಕಿನಾಕಿ ಎಲ್ಲಿ ಮುಂದ ಹೋಗ್ತಾಳೋ ಅಂತ ಅದs ಚಿಂತಿ. ನನ್ನ ಮುಂದ ಯಾರೂ ಇರ್ಲಿಲ್ಲ, ಹಿಂದೂ ಇರ್ಲಿಲ್ಲ. ಇಡೀ ರಸ್ತಾ ನಂದs ಇತ್ತು. ಭಾಳ ಚಂದ ಇತ್ರಿ."

ಇಪ್ಪತ್ತು ವರ್ಷದಲ್ಲಿ ಪುಣೆಯ ಯಾವ ರಸ್ತೆಯೂ ನನಗೆ ಹಾಗೆ ಸಿಕ್ಕಿಲ್ಲ. ಸಮಾಧಾನ ಹೇಳಲು ಹೋದವನು ಹೊಟ್ಟೆಕಿಚ್ಚುಪಟ್ಟುಕೊಂಡು ಅವಳ ಹಿಂದೆ ಕೂತು ಮನೆಗೆ ಬಂದೆ.