ಆ ಕಡೆಯವನ ಸುತ್ತಿಗೆ

"ನಮ್ಮ ಮನೀಗೆ ಬರೋದು ಒಂದ ಸರ್ಟಿಫಿಕೇಟ ನೋಡು, ಡೆತ್ ಸರ್ಟಿಫಿಕೇಟ" ಎಂದು ನಗುತ್ತಿದ್ದವರು ನನ್ನ ದೊಡ್ಡಪ್ಪ. ಕೊಪ್ಪಳದ ಕಡೆಯ ಕ್ವಾರಿಯಲ್ಲಿ ಅವರೂ ಅಪ್ಪನೂ ಜೊತೆಯಾಗಿ ಕಲ್ಲು ಒಡೆದವರು. ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಅಮೆರಿಕದ ಗೈದರ್ಸ್‌ಬರ್ಗ್‌ಗೆ ಬಂದ ನಾನು ಮೂವತ್ತೆಂಟನೇ ವಯಸ್ಸಿನಲ್ಲಿ ಸಂಜೆ ಕಾಲೇಜಿಗೆ ಸೇರಿದೆ. ನಮ್ಮ ವಂಶದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಹೆಮ್ಮೆಯಿಂದಲೇ ಹೇಳುತ್ತೇನೆ. ದೆವ್ವ, ಶಕುನ ಯಾವುದನ್ನೂ ನಂಬಿದವಳಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ಓದಿದ್ದು ಪುರಾತತ್ವ. ಕೊನೆಯ ವರ್ಷದ ಪ್ರಬಂಧಕ್ಕೆ ಐರ್ಲೆಂಡಿನ ಕಲ್ಲುಗೋರಿಗಳನ್ನು ಆರಿಸಿಕೊಂಡೆ. ಐದು ಸಾವಿರ ವರ್ಷಗಳ ಹಿಂದೆ, ಕಬ್ಬಿಣ ಕಾಣದ ಜನ ಆಳೆತ್ತರದ ಬಂಡೆಗಳನ್ನು ನಿಲ್ಲಿಸಿ, ಮೇಲೆ ಚಪ್ಪಡಿ ಹೊದಿಸಿ ಕಟ್ಟಿದ ಗೋರಿಗಳು ಅವು. ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ, ಒಂದು ಸಣ್ಣ ಗೋರಿಯೊಳಗೆ ಒಬ್ಬಳೇ ನಿಂತು ಚಪ್ಪಾಳೆ ತಟ್ಟಿ ಮಾರ್ದನಿ ರೆಕಾರ್ಡ್ ಮಾಡಿದ್ದೆ. ಅದರಲ್ಲೊಂದು ತೊಡಕು. ಮಾರ್ದನಿ ಅಡಗಿದ ಮೇಲೆ ಟಕ್ ಟಕ್, ಸ್ವಲ್ಪ ತಡೆದು ಇನ್ನೊಂದು ಟಕ್. ರೆಕಾರ್ಡರಿನ ದೋಷ, ಹೊಸದಾಗಿ ಮಾಡದಿದ್ದರೆ ಪಾಸು ಮಾಡಲಾರೆ ಎಂದರು ಪ್ರೊಫೆಸರ್. ಮತ್ತೆ ಅಲ್ಲಿಗೆ ಹೋಗುವಷ್ಟು ಹಣ ನನ್ನಲ್ಲಿರಲಿಲ್ಲ. ಡಿಗ್ರಿ ಕೈತಪ್ಪಿತೆಂದೇ ಅಂದುಕೊಂಡೆ.

ಆ ಡಿಸೆಂಬರಿನಲ್ಲಿ ಅಪ್ಪ ನಮ್ಮಲ್ಲಿದ್ದರು. ಕ್ವಾರಿಯ ಸದ್ದಿಗೆ ಅವರ ಕಿವಿ ಎಂದೋ ಹೋಗಿತ್ತು. ಒಂದು ಬೆಳಿಗ್ಗೆ ಅವರು ಚಹಾ ಕುಡಿಯುತ್ತಿದ್ದ ಟೇಬಲ್ ಮೇಲೆಯೇ ಸ್ಪೀಕರ್ ಇಟ್ಟು ರೆಕಾರ್ಡಿಂಗ್ ಹಾಕಿದೆ. ಅಪ್ಪ ಕಪ್ಪನ್ನು ಬದಿಗಿಟ್ಟು, ಅಂಗೈಯನ್ನು ಟೇಬಲ್ಲಿಗೆ ಒತ್ತಿದರು.

"ಯಾರವಾ, ಆ ಕಡಿ ಇರಾಂವ?"

ಯಾರೂ ಇಲ್ಲವೆಂದು ತಲೆಯಾಡಿಸಿದೆ.

"ಇಲ್ಲಂದ್ರ ಹೆಂಗ? ಹೊಡಿಲೇನು ಅಂತ ಕೇಳಾಕತ್ತಾನ."

ದೊಡ್ಡ ಬಂಡೆಯ ಎರಡು ಬದಿಗೆ ಇಬ್ಬರು ಕೂತರೆ ಒಬ್ಬರಿಗೊಬ್ಬರು ಕಾಣುವುದಿಲ್ಲ. ಅದಕ್ಕೇ ಜೋರು ಏಟು ಹಾಕುವ ಮೊದಲು ಒಬ್ಬ ಸುತ್ತಿಗೆಯಿಂದ ಎರಡು ಸಲ, ತಡೆದು ಒಂದು ಸಲ ತಟ್ಟಿ ಕೇಳುತ್ತಾನೆ. ಇನ್ನೊಬ್ಬ ಕೈ ಹಿಂದೆಗೆದುಕೊಂಡು ಒಮ್ಮೆ ತಟ್ಟಬೇಕು. ಅಲ್ಲಿಯವರೆಗೆ ಏಟು ಹಾಕುವಂತಿಲ್ಲ. ಅಪ್ಪನ ಕ್ವಾರಿಯ ಪದ್ಧತಿ ಅದು.

"ಪಾಪ, ಎಷ್ಟೊತ್ತಿಂದ ಕಾಯಾಕತ್ತಾನೋ" ಎನ್ನುತ್ತ ಅಪ್ಪ ಬೆರಳ ಗೆಣ್ಣಿನಿಂದ ಟೇಬಲ್ಲನ್ನು ಒಮ್ಮೆ ತಟ್ಟಿದರು.

ಸ್ಪೀಕರಿನಿಂದ ಒಂದೇ ಒಂದು ಏಟು ಕೇಳಿಸಿತು. ಹಿಂದೆಯೇ ಬಂಡೆ ನೇರವಾಗಿ ಸೀಳಿದ ಸದ್ದು. ಚಿಕ್ಕವಳಿದ್ದಾಗ ದಿನಾ ಕೇಳಿದ ಸದ್ದು ಅದು, ತಪ್ಪಲು ಸಾಧ್ಯವಿಲ್ಲ. ನನಗರಿವಿಲ್ಲದೆ ಎದ್ದು ನಿಂತು ಕೈ ಮುಗಿದಿದ್ದೆ.

ಮತ್ತೆ ಹಾಕಿದರೆ ಚಪ್ಪಾಳೆ, ಮಾರ್ದನಿ, ಮೌನ. ಅಷ್ಟೇ. ಪ್ರೊಫೆಸರ್ ಬಳಿ ಇದ್ದ ಪ್ರತಿಯಲ್ಲೂ ಅಷ್ಟೇ. ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಅವರು ಮೂರು ಸಲ ಕೇಳಿ, ಕನ್ನಡಕ ತೆಗೆದಿಟ್ಟು, ಪ್ರಬಂಧಕ್ಕೆ ಸಹಿ ಹಾಕಿದರು.

ಮೇ ತಿಂಗಳಲ್ಲಿ ಸರ್ಟಿಫಿಕೇಟನ್ನು ಅಪ್ಪನ ಕೈಗಿಟ್ಟೆ. ಓದಲು ಬಾರದ ಅವರು ಅದರ ಮೇಲೆ ಅಂಗೈ ಊರಿದರು.

"ಆ ಕಡಿಯಾಂವಗೂ ಹೇಳಿಬಿಡವಾ" ಎಂದರು. "ಕೆಲಸ ಆತಂತ."