ಸಾರಿನ ಚೊಂಬು ಕರಗಿದ ದಿನ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಸಾರು ಕುದಿಯುತ್ತಿದ್ದುದು ತವರದ ಚೊಂಬಿನಲ್ಲಿ. ಮಕ್ಕಳೇ, ತವರ ಎಂದರೆ ಬೆಳ್ಳಿಯ ಹಾಗೆ ಬಿಳಿಯಾಗಿ ಹೊಳೆಯುವ, ಉಗುರಿನಿಂದ ಗೀರಿದರೆ ಗುರುತು ಬೀಳುವಷ್ಟು ಮೆದುವಾದ ಲೋಹ. ಶಾಲೆಯಲ್ಲಿ ನಮ್ಮ ತೆಲುಗು ಮೇಷ್ಟ್ರು ಅದನ್ನೇ ತಗರಂ ಎನ್ನುತ್ತಿದ್ದರು. ಅದರಲ್ಲಿ ಕುದಿಸಿದ ಹುಣಸೆಹುಳಿಗೆ ಬೇರೆಯೇ ಒಂದು ಕಮ್ಮನೆಯ ರುಚಿ ಬರುತ್ತಿತ್ತು. ಆ ಚೊಂಬನ್ನು ಅಮ್ಮ ಮದುವೆಯಾಗಿ ಬರುವಾಗ ತಂದಿದ್ದಳು. ನಾನು ಹೇಳುತ್ತಿರುವ ದಿನಕ್ಕೆ ಅಮ್ಮ ತೀರಿಕೊಂಡು ಒಂದು ವರ್ಷವಾಗಿತ್ತು. ನನಗೆ ಎಂಟು ವರ್ಷ. ಅಡುಗೆಯ ಮನೆ ಹದಿನೈದು ವರ್ಷದ ಅಕ್ಕನ ಕೈಗೆ ಬಂದಿತ್ತು.

ನಮ್ಮದು ಆಂಧ್ರದ ಗಡಿಯ ಆದವಾನಿ. ಅಪ್ಪ ರೈಲು ನಿಲ್ದಾಣದ ಗೂಡ್ಸ್ ಷೆಡ್ಡಿನಲ್ಲಿ ಗುಮಾಸ್ತರು. ಹತ್ತಿಯ ಬೇಲುಗಳು ವ್ಯಾಗನ್ನಿಗೆ ಏರಿದ ಮೇಲೆ ಅದರ ಬಾಗಿಲಿಗೆ ತಂತಿ ಬಿಗಿದು, ತಂತಿಯ ತುದಿಗೆ ಸೀಸದ ಪುಟ್ಟ ಬಿಲ್ಲೆಯನ್ನು ಇಕ್ಕಳದಿಂದ ಅದುಮಿ ಮುದ್ರೆ ಹಾಕುತ್ತಿದ್ದರು. ಬೇರೆ ಊರಿನಿಂದ ಬಂದ ವ್ಯಾಗನ್ನುಗಳ ಮುದ್ರೆಗಳನ್ನು ಕತ್ತರಿಸಿ ಎಸೆದರೆ ಅವು ಹಳಿಯ ಪಕ್ಕದ ಜಲ್ಲಿಯಲ್ಲಿ ಬಿದ್ದಿರುತ್ತಿದ್ದವು. ಸಂಜೆ ಅಪ್ಪನನ್ನು ಕರೆಯಲು ಹೋದಾಗ ನಾನು ಅವನ್ನು ಆರಿಸಿ ತಂದು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಡುತ್ತಿದ್ದೆ. ಬ್ಲೇಡಿನಿಂದ ಕೊಯ್ದರೆ ಒಳಗೆ ಫಳಫಳ ಹೊಳೆಯುತ್ತಿದ್ದವು. ಹಾಗಾಗಿ ಸೀಸವೂ ತವರವೂ ಅಣ್ಣತಮ್ಮಂದಿರು ಎಂದೇ ನಾನು ತಿಳಿದಿದ್ದೆ.

ಅಮ್ಮ ಹೋದ ಮೇಲೆ ಅಪ್ಪನ ಊಟ ಅರ್ಧಕ್ಕರ್ಧ ಇಳಿದಿತ್ತು. ಪಲ್ಯವನ್ನು ಬೆರಳ ತುದಿಯಲ್ಲಿ ಮುಟ್ಟಿ ಬಿಡುತ್ತಿದ್ದರು. ಸಾರು ಬಂದಾಗ ಮಾತ್ರ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು. ಅದಕ್ಕಾಗಿ ಅಕ್ಕ ಆ ಚೊಂಬನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ತವರದ ಪಾತ್ರೆಯನ್ನು ಬರಿದಾಗಿ ಬೆಂಕಿಯ ಮೇಲೆ ಇಡಬಾರದು. ಮೊದಲು ನೀರು ತುಂಬಬೇಕು, ಆಮೇಲೆ ಒಲೆಗೆ ಏರಿಸಬೇಕು. ನೀರಿರುವ ತನಕ ಅದಕ್ಕೆ ಏನೂ ಆಗುವುದಿಲ್ಲ.

ಬೇಸಿಗೆಯ ರಜೆಯ ಒಂದು ಬೆಳಿಗ್ಗೆ ಬೀದಿಯ ಕೊನೆಯ ನಳದಲ್ಲಿ ನೀರು ಬಂದಿತೆಂದು ಕೂಗಿದರು. ಅಕ್ಕ ಕೊಡ ಎತ್ತಿಕೊಂಡು, "ಒಲಿ ಆರದಂಗ ನೋಡ್ಕೋ. ಬ್ಯಾರೆ ಏನೂ ಮುಟ್ಟಬ್ಯಾಡ" ಎಂದು ಓಡಿದಳು. ಅಲ್ಲಿ ಉದ್ದನೆಯ ಸಾಲು. ಅವಳು ಬರುವುದರೊಳಗೆ ಸಾರಿಗೆ ಇಟ್ಟುಬಿಟ್ಟರೆ ಅವಳಿಗೆ ಒಂದು ಕೆಲಸ ಕಡಿಮೆಯಾಗುತ್ತದೆ ಎಂದುಕೊಂಡೆ. ಚೊಂಬನ್ನು ಒಲೆಯ ಮೇಲಿಟ್ಟು, ಹುಣಸೆಹಣ್ಣು ಹಿಂಡಲು ಕುಳಿತೆ. ಹಿಂಡಿದ ಹುಳಿಯನ್ನೇ ಅದಕ್ಕೆ ಸುರಿಯುವುದು ನನ್ನ ಲೆಕ್ಕ. ನಾರು ತೆಗೆದು, ಬೀಜ ತೆಗೆದು ತಿರುಗಿ ನೋಡಿದರೆ ಚೊಂಬಿನ ತಳ ಬೆವೆತಂತೆ ಮಿರುಗುತ್ತಿತ್ತು. ದೊಡ್ಡದೊಂದು ಹನಿ ತೊಟ್ಟಿಕ್ಕಿತು. ಅದರ ಹಿಂದೆ ಇನ್ನೊಂದು. ಆಮೇಲೆ ತಳವೇ ಬೂದಿಗೆ ಇಳಿದುಹೋಯಿತು.

ಅಕ್ಕ ಬಂದು ಬಾಗಿಲಲ್ಲೇ ಕೊಡ ಇಳಿಸಿದಳು. ನನಗೆ ಹೊಡೆಯಲಿಲ್ಲ. ಒಲೆಯ ಮುಂದೆ ಕುಳಿತು, "ಏನ್ ಮಾಡಿದ್ಯೋ..." ಎಂದಷ್ಟೇ ಮೆಲ್ಲಗೆ ಅಂದಳು. ಬೂದಿಯನ್ನು ಕಡ್ಡಿಯಿಂದ ಕೆದಕುತ್ತಾ, "ಅಪ್ಪಗ ಏನ್ ಹೇಳೂದು? ಇವತ್ತಿಂದ ಸಾರೂ ಉಣ್ಣೂದಿಲ್ಲ ಬಿಡು" ಎಂದಳು.

ಅಂದು ಬೀದಿಯ ಬೇವಿನ ಮರದ ಕೆಳಗೆ ಕಲಾಯಿ ತಾತ ಬಂದಿದ್ದ. ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿದು ಕೊಡುವ ಮುದುಕ. ನೆಲದಲ್ಲಿ ಕುಳಿ ತೋಡಿ, ಇದ್ದಿಲು ಹಾಕಿ, ಚರ್ಮದ ತಿದಿ ಒತ್ತುತ್ತಿದ್ದ. ನಾನು ಒಂದು ಕೈಯಲ್ಲಿ ಮುರುಕು ಚೊಂಬು, ಇನ್ನೊಂದರಲ್ಲಿ ಬಿಸ್ಕತ್ತಿನ ಡಬ್ಬಿ ಹಿಡಿದು ಓಡಿದೆ.

"ತಾತಾ, ಇದಕ್ಕ ತಳ ಹಾಕಿ ಕೊಡ್ರಿ. ಹಾಕಾಕ ಮಾಲು ನಾನ ತಂದೀನಿ."

ತಾತ ಡಬ್ಬಿಯೊಳಗೆ ಇಣುಕಿದ. "ಏನ್ ಬೇಟಾ, ಇಡೀ ರೈಲನ್ನ ಕಿತ್ಕೊಂಡು ಬಂದೀಯೇನು?" ಎಂದು ನಕ್ಕ. ಒಂದು ಬಿಲ್ಲೆ ತೆಗೆದು ಕಲ್ಲಿನ ಮೇಲೆ ಎಳೆದ. ಪೆನ್ಸಿಲ್ಲಿನ ಹಾಗೆ ಬೂದು ಗೆರೆ ಮೂಡಿತು. "ಇದು ಸೀಸ. ನಿಮ್ಮ ಚೊಂಬು ತವರ. ಇದನ್ನ ಅದಕ್ಕ ಹಚ್ಚಂಗಿಲ್ಲ."

"ಎರಡೂ ಒಂದ ಥರಾ ಅದಾವಲ್ರಿ?"

"ಒಂದ ಥರಾನಾ? ಎರಡೂ ಕೈ ಚಾಚು."

ಒಂದು ಅಂಗೈಯಲ್ಲಿ ಸೀಸದ ಬಿಲ್ಲೆ ಇಟ್ಟ. ಇನ್ನೊಂದರಲ್ಲಿ ಅಷ್ಟೇ ಗಾತ್ರದ ತವರದ ತುಂಡು ಇಟ್ಟ. ಸೀಸ ಇದ್ದ ಕೈ ತಾನಾಗಿ ಕೆಳಗೆ ಹೋಯಿತು. ಆಮೇಲೆ ತನ್ನ ತವರದ ಕಡ್ಡಿಯನ್ನು ನನ್ನ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದ. ಒಣ ಎಲೆಯನ್ನು ಮುದುಡಿದಂತೆ ಚರಚರ ಸದ್ದು ಬಂತು. ಸೀಸವನ್ನೂ ಹಾಗೇ ಬಗ್ಗಿಸಿದ. ಅದು ಸದ್ದಿಲ್ಲದೆ ಬಾಗಿತು.

"ತವರಕ್ಕ ದನಿ ಐತಿ, ಇದಕ್ಕಿಲ್ಲ. ಕೇಳಿದ್ಯಾ? ತವರದಾಗ ಹುಳಿ ಕುದಿಸಿದ್ರ ಏನೂ ಆಗಂಗಿಲ್ಲ. ಸೀಸದಾಗ ಕುದಿಸಿದ್ರ ಹುಳಿ ಸೀಸಾನ ತಿಂತೈತಿ, ಆ ಹುಳೀನ ನೀವು ತಿಂತೀರಿ. ಹೊಟ್ಟಿ ನೋವು ಬರ್ತೈತಿ. ನಿನ್ನಂಥ ಸಣ್ಣ ಹುಡುಗರಿಗೆ ಬುದ್ಧೀನ ಮಂದ ಆಕ್ಕೈತಿ. ವಿಷ ಅದು."

ತಾತ ನೋಡದೆ ಹಚ್ಚಿಬಿಟ್ಟಿದ್ದರೆ ಅಪ್ಪನಿಗೂ ಅಕ್ಕನಿಗೂ ನಾನೇ ವಿಷ ಉಣಿಸುತ್ತಿದ್ದೆ. "ಹಂಗಾದ್ರ ಇದು ಕೆಟ್ಟದ್ದೇನ್ರಿ?" ಎಂದೆ.

"ಕೆಟ್ಟದ್ಯಾಕ? ಹೊಳಿ ದಂಡಿ ನಾಗಲದಿನ್ನಿ ಬೆಸ್ತರನ್ನ ಕೇಳು. ಮೀನಿನ ಬಲಿ ಹೊಳಿ ತಳಕ್ಕ ಹೋಗ್ಬೇಕಂದ್ರ ಸೀಸಾನ ಬೇಕು. ತವರ ಕಟ್ಟಿದ್ರ ಮೀನು ನಗ್ತಾವ."

ಅಷ್ಟರಲ್ಲಿ ಅಕ್ಕ ಬಂದಳು. ಬೂದಿಯಿಂದ ಹೆಕ್ಕಿದ ತವರದ ಹನಿಗಳು ಅವಳ ತಟ್ಟೆಯಲ್ಲಿದ್ದವು. ಚೊಂಬನ್ನು ಮೊದಲಿನಂತೆ ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದಳು.

ತಾತ ಚೊಂಬಿನ ಕಂಠವನ್ನು ತಿರುಗಿಸಿ ನೋಡಿದ. "ಸುಳ್ಳು ಹೇಳಂಗಿಲ್ಲ ಮಗಳ. ಎರಕ ಹೊಯ್ಯೂದು ನನ್ನ ಕೈಲಿ ಆಗೂದಿಲ್ಲ. ತೇಪಿ ಹಚ್ಚಿದ್ರ ಒಲಿ ಮ್ಯಾಲೆ ಅದೂ ಇಳೀತೈತಿ. ಆದ್ರ ಇದು ಅಸಲಿ ತವರ. ಕಲಾಯಿ ಹಚ್ಚಾಕ ಇಂಥಾ ಮಾಲು ನನ್ನತ್ರಾನೂ ಇಲ್ಲ."

ಅಕ್ಕ ಚೊಂಬನ್ನು ಎರಡೂ ಕೈಯಲ್ಲಿ ಅವನಿಂದ ತೆಗೆದುಕೊಂಡಳು. ಅದರ ಕಂಠದ ಕೆಳಗೆ ಅಮ್ಮನ ಹೆಸರಿನ ಅಕ್ಷರಗಳನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದರು. ಅದರ ಮೇಲೆ ಹೆಬ್ಬೆರಳು ಆಡಿಸಿದಳು. ಕೊನೆಗೆ, "ಮನಿಯಾಗಿನ ಹಿತ್ತಾಳಿ ಪಾತ್ರಿ ಎಲ್ಲಾ ತರ್ತೀನ್ರಿ. ಎಲ್ಲಾದಕ್ಕೂ ಇದನ್ನ ಹಚ್ರಿ" ಎಂದು ತಾನೇ ಅದನ್ನು ಅವನ ಕೈಗೆ ಕೊಟ್ಟಳು.

ನಾವಿಬ್ಬರೂ ಪಾತ್ರೆಗಳನ್ನು ಹೊತ್ತು ತಂದೆವು. ತಾತ ಅವನ್ನು ಮರಳಿನಲ್ಲಿ ಉಜ್ಜಿ ಇದ್ದಿಲ ಮೇಲೆ ಕಾಯಿಸಿದ. ಕಲಾಯಿ ಹಿಡಿಯಲೆಂದು ನವಸಾಗರದ ಪುಡಿ ಎರಚಿದಾಗ ಬಿಳಿ ಹೊಗೆ ಎದ್ದು ಮೂಗು ಸುಟ್ಟಿತು. ಕರಗಿದ ಚೊಂಬಿನ ತವರವನ್ನು ಒಂದಿಷ್ಟೇ ಹಾಕಿ, ಜಿನ್ನಿಂಗ್ ಗಿರಣಿಯಿಂದ ತಂದ ಹತ್ತಿಯ ಉಂಡೆಯಿಂದ ಒಂದು ಸುತ್ತು ಒರೆಸಿದ. ಕಪ್ಪಾಗಿದ್ದ ಪಾತ್ರೆಯ ಒಳಗೆಲ್ಲ ಬೆಳದಿಂಗಳು ಹರಡಿದಂತಾಯಿತು. ನೀರಿಗೆ ಅದ್ದಿದಾಗ ಚುಂಯ್ ಎಂದಿತು. ಅನ್ನದ ಪಾತ್ರೆ, ಹಾಲಿನ ಪಾತ್ರೆ, ಸಾರಿಗೆಂದು ಅಕ್ಕ ಆರಿಸಿದ ಚಿಕ್ಕ ತಪ್ಪಲೆ, ಎಲ್ಲವೂ ಹಾಗೇ ಬಂದವು. ಮಿಕ್ಕ ತವರವನ್ನು ತಾತ ಕಡ್ಡಿಗಳಾಗಿ ಹೊಯ್ದು, ಮುಂದಿನ ವರ್ಷಗಳಿಗೆ ಇರಲಿ ಎಂದು ಅಕ್ಕನಿಗೆ ಹಿಂದಕ್ಕೆ ಕೊಟ್ಟ.

ಮಧ್ಯಾಹ್ನ ಅಪ್ಪ ಬಂದು ಊಟಕ್ಕೆ ಕುಳಿತರು. ಅಕ್ಕ ಸಾರು ಬಡಿಸಿದಳು. ನಾನು ಅನ್ನ ಕಲಸುತ್ತಲೇ ಇದ್ದೆ. ಅಪ್ಪ ಎರಡು ತುತ್ತು ಉಂಡು ಕೈ ನಿಲ್ಲಿಸಿದರು.

"ಚೊಂಬು ಎಲ್ಲೈತಿ?"

ಅಕ್ಕ ಬಾಯಿ ತೆರೆಯುವ ಮೊದಲೇ, "ನಾನು ಕರಗಿಸಿಬಿಟ್ನಿ ಅಪ್ಪಾ. ನೀರು ಹಾಕದ ಇಟ್ಟಿದ್ನಿ" ಎಂದೆ. ಆಮೇಲೆ ಸೀಸದ ಬಿಲ್ಲೆಗಳನ್ನು ಒಯ್ದದ್ದು, ತಾತ ಹೇಳಿದ್ದು, ಅಕ್ಕ ಚೊಂಬನ್ನೇ ಕಲಾಯಿಗೆ ಕೊಟ್ಟಿದ್ದು, ಎಲ್ಲವನ್ನೂ ಅಳುತ್ತಾ ಹೇಳಿದೆ. ಅಪ್ಪ ನನ್ನನ್ನು ತಡೆಯದೆ ಪೂರ್ತಿ ಕೇಳಿದರು. ತಪ್ಪಲೆಯನ್ನು ವಾಲಿಸಿ ತೋರಿಸು ಎಂದು ಅಕ್ಕನಿಗೆ ಸನ್ನೆ ಮಾಡಿ, ಅದರೊಳಗಿನ ಹೊಳಪನ್ನು ನೋಡಿದರು.

"ಅನ್ನದ ಪಾತ್ರಿಗೂ ಇದನ್ನ ಹಚ್ಚಿಸೀರೇನು?"

"ಎಲ್ಲಾದಕ್ಕೂ ಅಪ್ಪಾ. ಹಾಲಿನ ಪಾತ್ರಿಗೂ" ಎಂದಳು ಅಕ್ಕ.

ಅಪ್ಪ ಎಲೆಯಲ್ಲಿದ್ದುದನ್ನು ಬಳಿದು ಉಂಡರು. ಆಮೇಲೆ, "ಇನ್ನೊಂದು ಸೌಟು ಹಾಕವ್ವಾ. ಅನ್ನಾನೂ ಹಾಕು" ಎಂದರು. ನನ್ನ ಕಡೆ ತಿರುಗಿ, "ನೀನೂ ಉಣ್ಣಪಾ, ಆರಿ ಹೊಕ್ಕೈತಿ" ಎಂದರು. ಅಂದು ಪಲ್ಯವನ್ನೂ ಅವರು ಎಲೆಯಲ್ಲಿ ಬಿಡಲಿಲ್ಲ.

ನಿಮ್ಮ ಅಡುಗೆಮನೆಯಲ್ಲಿ ಎಲ್ಲವೂ ಸ್ಟೀಲು. ಅದಕ್ಕೆ ಕಲಾಯಿ ಬೇಡ. ಮೊದಲು ನೀರು ಹಾಕು, ಆಮೇಲೆ ಬೆಂಕಿ ಎಂದು ನಿಮಗೆ ಯಾರೂ ಹೇಳಬೇಕಾಗಿಲ್ಲ. ನಿಮ್ಮ ಅಪ್ಪನ ಸ್ಕೂಟರಿನ ಬ್ಯಾಟರಿಯೊಳಗೆ ಸೀಸವಿದೆ. ನೀವು ಆಡುವ ಫೋನಿನೊಳಗೆ ತಂತಿಗಳನ್ನು ಬೆಸೆದಿರುವುದು ತವರ. ಯಾವುದು ಎಷ್ಟು ಭಾರ ಎಂಬುದು ನಿಮ್ಮ ಪುಸ್ತಕದ ಕೋಷ್ಟಕದಲ್ಲೇ ಇದೆ. ನಾವು ಅಂಗೈಯಲ್ಲಿ ತೂಗಿ ಕಲಿತೆವು.

ಕಳೆದ ತಿಂಗಳು ಮಂತ್ರಾಲಯದಲ್ಲಿ ಅಕ್ಕನ ಹದಿಮೂರನೆಯ ದಿನದ ಊಟ ಮುಗಿಸಿ ಹೊರಟಾಗ, ಅವಳ ಮಕ್ಕಳು ಆ ಚಿಕ್ಕ ತಪ್ಪಲೆಯನ್ನು ನನ್ನ ಕೈಗೆ ಕೊಟ್ಟರು. ಮೊನ್ನೆ ನೀವು ಅದರೊಳಗೆ ಇಣುಕಿ, "ತಾತಾ, ಬರೀ ಹಳದೀನ ಐತಲ್ಲ" ಎಂದಿರಿ. ನಿಜ. ಮೊದಲ ಕಲಾಯಿ ಸವೆಯಿತು. ಕಡ್ಡಿಗಳಿದ್ದಷ್ಟು ವರ್ಷ ಮತ್ತೆ ಮತ್ತೆ ಹಚ್ಚಿಸಿದೆವು. ಅವೂ ಮುಗಿದವು. ಅಮ್ಮನ ಚೊಂಬು ದಿನಕ್ಕಿಷ್ಟಿಷ್ಟು ಸವೆದು ನಮ್ಮ ಅನ್ನದಲ್ಲಿ, ಹಾಲಿನಲ್ಲಿ, ಸಾರಿನಲ್ಲಿ ಸೇರಿಹೋಯಿತು. ಅಪ್ಪ ಉಂಡರು, ಅಕ್ಕ ಉಂಡಳು, ನಾನೂ ಉಂಡೆ. ಉಂಡವರಲ್ಲಿ ಈಗ ಉಳಿದಿರುವವನು ನಾನೊಬ್ಬನೇ. ಅದಕ್ಕೇ ನಿಮಗೆ ಹೇಳಿದೆ.