ಸಾವಿರ ಗೊತ್ತಿಲ್ಲದ ಯಂತ್ರ

ವಿಡಿಯೋ ಗೇಮ್ ಎಂಬ ಪದಾರ್ಥ ನಮ್ಮ ಕುಟುಂಬವನ್ನು ಪ್ರವೇಶಿಸಿದ್ದು ನನ್ನ ಮೂಲಕ. ಅದು ನನ್ನ ಕೈತಪ್ಪಿ ಹೋದದ್ದು ನನ್ನ ಮಾವನವರ ಮೂಲಕ. ಈ ಎರಡು ಘಟನೆಗಳ ನಡುವೆ ಸರಿಯಾಗಿ ಒಂದು ತಿಂಗಳೂ ಕಳೆದಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕುಣಿಗಲ್ಲಿನವನಾದ ನಾನು ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿ, ಉಪ್ಪಾರಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಪಕ್ಕದ ಮನೆಯ ಸಾಹೇಬರದು ಗಡಿಯಾರದ ಅಂಗಡಿ. ಅವರ ಅಳಿಯ ದುಬೈನಿಂದ ಬರುವಾಗ ಸೆಂಟು, ಟಾರ್ಚು, ಹೊಳೆಯುವ ಕಂಬಳಿಗಳ ಜೊತೆಗೆ ಎರಡು ಆಟದ ಮಿಷಿನ್ನುಗಳನ್ನೂ ತಂದಿದ್ದ. ಒಂದನ್ನು ಸಾಹೇಬರು ತಂದು ನನ್ನ ಕೈಗಿಟ್ಟರು.

"ಒಂದಿದ್ರೆ ಹುಡುಗರು ಜಗಳ ಆಡ್ತಾವೆ ಅಂತ ಎರಡು ತಂದ ಮೇಷ್ಟ್ರೇ. ಈಗ ಎರಡಕ್ಕೂ ಆಡ್ತಾವೆ. ಒಂದು ನೀವು ಇಟ್ಕೊಂಡ್ರೆ ಅರ್ಧ ಜಗಳ ಆದ್ರೂ ಕಮ್ಮಿ ಆಗುತ್ತೆ."

ನೆರೆಮನೆಯ ಶಾಂತಿಗಾಗಿ ನಾನು ಆ ಹೊರೆಯನ್ನು ಒಪ್ಪಿಕೊಂಡೆ.

ಸೋಪಿನ ಡಬ್ಬಿಯಷ್ಟು ದೊಡ್ಡದು. ಬೂದು ಬಣ್ಣದ ಗಾಜಿನಲ್ಲಿ ಎಡಕ್ಕೊಂದು ಮರ, ಬಲಕ್ಕೊಂದು ಮರ, ನಡುವೆ ಬುಟ್ಟಿ ಹಿಡಿದು ನಿಂತ ಒಬ್ಬ ಮನುಷ್ಯ. ಮರಗಳಿಂದ ಕಾಯಿ ಉದುರುತ್ತಿರುತ್ತವೆ. ಎರಡು ಗುಂಡಿಗಳನ್ನು ಒತ್ತಿ ಆ ಬಡಪಾಯಿಯನ್ನು ಅತ್ತಿಂದಿತ್ತ ಓಡಿಸಿ ಕಾಯಿ ಹಿಡಿಸಬೇಕು. ಹಿಡಿದಷ್ಟೂ ವೇಗ ಹೆಚ್ಚುತ್ತದೆ. ಮೂರು ಕಾಯಿ ನೆಲ ಮುಟ್ಟಿದರೆ ಆಟ ಸಮಾಪ್ತಿ. ಇಷ್ಟೇ. ಇಷ್ಟಕ್ಕಾಗಿ ನಾನು ಹತ್ತನೇ ತರಗತಿಯ ಉತ್ತರಪತ್ರಿಕೆಗಳನ್ನು ಬದಿಗಿಟ್ಟೆ, ವ್ಯಾಯಾಮವೆಂದು ವೈದ್ಯರು ಹೇಳಿದ್ದ ಸಂಜೆಯ ನಡಿಗೆಯನ್ನು ಬಿಟ್ಟೆ, ಹೆಂಡತಿಯ ಮಾತಿಗೆ "ಹೂಂ" ಎಂಬುದೊಂದೇ ಉತ್ತರವನ್ನು ಇಟ್ಟುಕೊಂಡೆ.

ಗುಣ ಹೇಳಿದ ಮೇಲೆ ದೋಷವನ್ನೂ ಹೇಳುವುದು ಧರ್ಮ. ಆ ಯಂತ್ರಕ್ಕೆ ಒಳಗೆ ದೀಪವಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರೆ ಉಂಟು, ಇಲ್ಲವಾದರೆ ಇಲ್ಲ. ಅದರ ಬಾಯಿ ಮುಚ್ಚಿಸುವ ಉಪಾಯವಿರಲಿಲ್ಲ. ಒಂದೊಂದು ಕಾಯಿಗೂ ಪೀಂ ಎನ್ನುತ್ತಿತ್ತು, ಮನೆಯವರೆಲ್ಲರಿಗೂ ಮೇಷ್ಟ್ರು ಈಗ ಏನು ಮಾಡುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ಎಲ್ಲಕ್ಕಿಂತ ಘೋರವಾದದ್ದೆಂದರೆ, ಶುರುವಾದ ಆಟವನ್ನು ನಡುವೆ ನಿಲ್ಲಿಸಿ ಇಡಲು ಗುಂಡಿಯೇ ಇರಲಿಲ್ಲ. ಬಾಗಿಲು ಬಡಿದರೂ ಹಾಲು ಉಕ್ಕಿದರೂ ಕಾಯಿಗಳು ತಮ್ಮ ಪಾಡಿಗೆ ಉದುರುತ್ತಿದ್ದವು. ನಮ್ಮ ಮನೆಯ ಹಾಲು ಆ ತಿಂಗಳು ಎಷ್ಟು ಸಲ ಉಕ್ಕಿತೆಂಬುದನ್ನು ನನ್ನ ಹೆಂಡತಿ ಇಂದಿಗೂ ಸಂದರ್ಭ ಸಿಕ್ಕಾಗ ಜ್ಞಾಪಿಸುತ್ತಾಳೆ.

ದೀಪಾವಳಿಗೆ ಮಾವನ ಮನೆಗೆಂದು ಗುಬ್ಬಿಗೆ ಹೋದಾಗ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಅಳಿಯನಾದವನು ಮಾಡಬಾರದ ತಪ್ಪುಗಳ ಪಟ್ಟಿಯಲ್ಲಿ ಇದನ್ನು ಯಾರೂ ಸೇರಿಸಿರಲಿಲ್ಲ.

ಮಾವನವರದು ತೆಂಗಿನಕಾಯಿ ಮಂಡಿ. ನಲವತ್ತು ವರ್ಷ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಅಲುಗಾಡಿಸಿ, ದಪ್ಪನೆಯದನ್ನು ಬಲಕ್ಕೆ, ಸಣ್ಣದನ್ನು ಎಡಕ್ಕೆ, ಕೆಟ್ಟದ್ದನ್ನು ಹಿಂದಕ್ಕೆ ಎಸೆದವರು. ಆ ವರ್ಷದ ಯುಗಾದಿಯಿಂದ ಅವರು ಮನೆಯಲ್ಲಿದ್ದರು. ಮಂಡಿಯನ್ನು ನೋಡಿಕೊಳ್ಳುತ್ತಿದ್ದ ಮಗ, ಅಂದರೆ ನನ್ನ ಭಾವಮೈದ, ಒಳ್ಳೆಯ ಮಾತಿನಲ್ಲೇ ಹೇಳಿದ್ದ: "ಅಪ್ಪಾಜಿ, ನಿಮ್ ಕೈ ನಿಧಾನ ಆಗಿದೆ. ನೀವು ವಿಂಗಡಿಸೋಕೆ ಕೂತ್ರೆ ಮಧ್ಯಾಹ್ನ ಹೋಗೋ ಲೋಡು ಸಂಜೆ ಹೋಗುತ್ತೆ. ಮನೇಲಿ ಆರಾಮಾಗಿರಿ."

ಆರಾಮಾಗಿರುವುದು ಹೇಗೆಂದು ಮಾವನವರಿಗೆ ಗೊತ್ತಿರಲಿಲ್ಲ. ದಿನವೂ ಸ್ನಾನ, ಲಿಂಗಪೂಜೆ ಮುಗಿಸಿ, ಮಂಡಿಗೆ ಹೊರಟವರಂತೆ ಪಂಚೆ ಉಟ್ಟು, ಟವೆಲ್ಲು ಹೆಗಲಿಗೆ ಹಾಕಿ ಜಗಲಿಯ ಮೇಲೆ ಕೂರುತ್ತಿದ್ದರು. ಮಗನ ಸ್ಕೂಟರು ತಿರುವಿನಲ್ಲಿ ಮರೆಯಾದ ಮೇಲೆ ಟವೆಲ್ಲನ್ನು ಮಡಿಸಿ ಪಕ್ಕಕ್ಕಿಡುತ್ತಿದ್ದರು. ಇದನ್ನು ನೋಡಲಾರದೆ ಅತ್ತೆಯವರು ಆ ಹೊತ್ತಿಗೆ ಹಿತ್ತಲಿಗೆ ಹೋಗುತ್ತಿದ್ದರು.

ಹಬ್ಬದ ಮಾರನೆಯ ದಿನ ಜಗಲಿಯಲ್ಲಿ ನಾನು ಆಡುತ್ತಿದ್ದಾಗ ಮಾವನವರು ಬಗ್ಗಿ ನೋಡಿದರು.

"ತೆಂಗಿನ ಮರದ ಕೆಳಗೆ ಬುಟ್ಟಿ ಹಿಡ್ಕೊಂಡು ನಿಂತವ್ನಲ್ಲ, ಇವನಿಗೆ ಹೇಳೋರು ಕೇಳೋರು ಯಾರೂ ಇಲ್ವೇ?"

"ತೆಂಗಲ್ಲ ಮಾವ. ಜಪಾನಿನ ಯಾವ್ದೋ ಹಣ್ಣಿರಬೇಕು."

"ಯಾವ್ದಾದ್ರೇನು, ಬೀಳೋದು ತಲೆ ಮೇಲೆ ತಾನೆ. ಕೊಡಿ ಇಲ್ಲಿ."

ಕೊಟ್ಟೆ. ಅದೇ ಕೊನೆ. ನಾನು ತುಮಕೂರಿಗೆ ಹೊರಡುವಾಗ ಮಾವನವರು ಮುನ್ನೂರರ ಆಸುಪಾಸಿನಲ್ಲಿದ್ದರು, ತಲೆ ಎತ್ತದೆಯೇ "ಹೋಗ್ಬನ್ನಿ" ಅಂದರು. ನಿಲ್ಲಿಸುವ ಗುಂಡಿಯಿಲ್ಲದ ಯಂತ್ರವನ್ನು ಹಿರಿಯರ ಕೈಯಿಂದ ಕಿತ್ತುಕೊಳ್ಳುವ ವಿಧಾನ ಯಾವ ಶಾಸ್ತ್ರದಲ್ಲೂ ಇಲ್ಲ.

ಮುಂದಿನದು ನನಗೆ ಅತ್ತೆಯವರಿಂದ ತಿಳಿಯಿತು. ಒಂದು ಸಂಜೆ ಮಗನೂ ಆಡಿದನಂತೆ. ಆರುನೂರರ ಹತ್ತಿರ ಬಂದು ಮೂರನೆಯ ಕಾಯಿ ಕೈಬಿಟ್ಟು, "ಇದರ ಮೇಲೆ ಮನುಷ್ಯನ ಕೈಲಿ ಆಗಲ್ಲ" ಎಂದು ತೀರ್ಪು ಕೊಟ್ಟನಂತೆ. ಮಾವನವರು, "ಸಾವಿರ ಮಾಡಿದ್ರೆ?" ಎಂದು ಕೇಳಿದರಂತೆ. ಮಗ ನಕ್ಕು, "ಸಾವಿರ ಮಾಡಿ ಅಪ್ಪಾಜಿ, ಮಾರನೇ ದಿನಾನೇ ಸ್ಕೂಟರ್ ಮೇಲೆ ಕೂರಿಸ್ಕೊಂಡು ಮಂಡಿಗೆ ಕರ್ಕೊಂಡು ಹೋಗ್ತೀನಿ" ಅಂದನಂತೆ. ಅವನು ತಮಾಷೆಗೆ ಅಂದದ್ದು. ವ್ಯಾಪಾರದ ಮಾತನ್ನು ಮಾವನವರು ತಮಾಷೆಗೆ ತೆಗೆದುಕೊಂಡವರಲ್ಲ.

ಅಂದಿನಿಂದ ಅಭ್ಯಾಸ ಸಾಧನೆಯ ರೂಪ ತಾಳಿತು. ಜಗಲಿಗೆ ಎಳೆಬಿಸಿಲು ಬೀಳುವ ಹೊತ್ತಿನಲ್ಲಿ ಗಾಜು ಚೆನ್ನಾಗಿ ಕಾಣುತ್ತದೆಂದು ಕಂಡುಕೊಂಡರು. ಯಾರೂ ಮಾತಾಡಿಸಬಾರದೆಂದು ಕಟ್ಟಪ್ಪಣೆ ಮಾಡಿದರು. ಬೀದಿಯಲ್ಲಿ ಹೋಗುವವರು "ಏನ್ ಯಜಮಾನ್ರೆ, ಚೆನ್ನಾಗಿದೀರಾ?" ಅಂದರೆ ಉತ್ತರವಿಲ್ಲ, ಪೀಂ ಎಂಬ ಸದ್ದು ಮಾತ್ರ. ಕಿವಿ ಹೋಗಿದೆಯೆಂದು ಕೆಲವರೂ, ಕಿವಿಗೆ ಮಿಷಿನ್ ಹಾಕಿಸಿದ್ದಾರೆ, ಅದೇ ಸದ್ದು ಮಾಡುತ್ತದೆಂದು ಕೆಲವರೂ ತಿಳಿದರು.

ಕೊನೆಗೊಂದು ಬೆಳಿಗ್ಗೆ, ಅತ್ತೆಯವರು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ, ಮಾವನವರು ಒಂಬೈನೂರ ತೊಂಬತ್ತೊಂಬತ್ತು ಮುಟ್ಟಿ, ಇನ್ನೊಂದು ಕಾಯಿ ಹಿಡಿದರು. ಯಂತ್ರ ಮೂರು ಸೊನ್ನೆ ತೋರಿಸಿತು. ದಿಗ್ಭ್ರಮೆಯಲ್ಲಿ ಕೈ ನಿಂತಿತು. ಉಳಿದ ಕಾಯಿಗಳು ಬಿದ್ದವು. ಸಂಜೆ ಮಗ ಬಂದು, ಇದುವರೆಗಿನ ಅತಿ ಹೆಚ್ಚು ಎಷ್ಟೆಂದು ತೋರಿಸುವ ಗುಂಡಿ ಒತ್ತಿ ನೋಡಿದ. ಒಂಬೈನೂರ ತೊಂಬತ್ತೊಂಬತ್ತು.

"ಒಂದು ಕಮ್ಮಿ ಅಪ್ಪಾಜಿ."

ವ್ಯಾಪಾರಸ್ಥರ ಮಗ. ಅಪ್ಪನೇ ಕಲಿಸಿದ ಲೆಕ್ಕ.

ಆ ಶನಿವಾರ ನನಗೆ ಬುಲಾವು ಬಂತು. ಹೋಗಿ ಜಗಲಿ ಹತ್ತುವ ಮೊದಲೇ ವಿಚಾರಣೆ ಶುರುವಾಯಿತು.

"ಅಳಿಯಂದ್ರೇ, ನಿಮ್ ಮಿಷಿನ್ನು ಸುಳ್ಳು ಹೇಳುತ್ತೆ."

ಕೈಗೆತ್ತಿಕೊಂಡು ನೋಡಿ ವಿವರಿಸಿದೆ. ಅಂಕಿ ಕೂರಲು ಮೂರೇ ಮನೆ ಇರುವುದು; ಸಾವಿರ ಬರೆಯಲು ನಾಲ್ಕು ಮನೆ ಬೇಕು. ಹಾಗಾಗಿ ಯಂತ್ರಕ್ಕೆ ಸಾವಿರವೆಂಬುದು ಗೊತ್ತೇ ಇಲ್ಲ. ಅಲ್ಲಿಗೆ ಬಂದವನನ್ನು ಮೊದಲಿನ ಸ್ಥಳಕ್ಕೇ ಕಳಿಸುತ್ತದೆ.

ಮಾವನವರು ಆ ಗಾಜನ್ನು ಬೆರಳಿನಿಂದ ತಟ್ಟಿದರು. "ಇಷ್ಟೆಲ್ಲ ಕಟ್ಟಿದೋನು ಇನ್ನೊಂದು ಮನೆ ಕಟ್ಟಕ್ಕೆ ಏನಾಗಿತ್ತು ಇವನಿಗೆ?"

"ಯಾರೂ ಅಲ್ಲೀ ತನಕ ಬರಲ್ಲ ಅಂದ್ಕೊಂಡಿರ್ತಾನೆ ಮಾವ."

ಈ ಉತ್ತರ ಅವರಿಗೆ ಸ್ವಲ್ಪ ಹಿಡಿಸಿತು. ಆದರೆ ಮಂಡಿಗೆ ಹೋಗಲು ಅದು ಸಾಲದು. ಭಾನುವಾರ ಬೆಳಿಗ್ಗೆ ಮಗನ ಕಣ್ಣೆದುರಿಗೇ ಆಡುವುದೆಂದು ನಿಶ್ಚಯವಾಯಿತು. ಯಂತ್ರಕ್ಕೆ ನೆನಪಿಲ್ಲದ್ದನ್ನು ನಾವು ನೆನಪಿಡಬೇಕಲ್ಲ. ಅದಕ್ಕೆ ಮಾವನವರು ಮಂಡಿಯ ರೂಢಿಯನ್ನೇ ಹೇಳಿದರು. ಕಾಯಿ ಎಣಿಸುವಾಗ ನೂರಾದ ಕೂಡಲೇ ಒಂದು ಕಾಯಿಯನ್ನು ಬೇರೆ ಇಡುತ್ತಾರೆ. ಕೊನೆಗೆ ಬೇರೆ ಇಟ್ಟವನ್ನು ಎಣಿಸಿದರೆ ಎಷ್ಟು ನೂರೆಂದು ತಿಳಿಯುತ್ತದೆ. ಇಲ್ಲಿ ಕಾಯಿ ಇಡುವ ಅಧಿಕಾರ ನನಗೆ. ಅಳಿಯನಾದವನು ಅತ್ತ ಅಪ್ಪನನ್ನೂ ಇತ್ತ ಮಗನನ್ನೂ ಎದುರು ಹಾಕಿಕೊಳ್ಳಲಾರನಾದ್ದರಿಂದ ನ್ಯಾಯಾಧೀಶನ ಸ್ಥಾನಕ್ಕೆ ಅವನಷ್ಟು ಯೋಗ್ಯ ಇನ್ನೊಬ್ಬನಿಲ್ಲ.

ಭಾನುವಾರ ಎಳೆಬಿಸಿಲು ಜಗಲಿಗೆ ಬಂತು. ಮಾವನವರು ಕುಕ್ಕರಗಾಲಿನಲ್ಲಿ ಕೂತರು. ಮಗ ಎದುರಿಗೆ ಕೂತ. ಅತ್ತೆಯವರು ಬಾಗಿಲಲ್ಲಿ ನಿಂತು, "ಅಪ್ಪ ಮಗ ಇಬ್ಬರಿಗೂ ಕೆಲಸ ಇಲ್ಲ, ಮೇಷ್ಟ್ರಿಗಂತೂ ಮೊದಲೇ ಇಲ್ಲ" ಎಂದು ಆಶೀರ್ವದಿಸಿದರು.

ಪೀಂ ಪೀಂ ಸಾಗಿತು. ನೂರಕ್ಕೊಂದು ತೆಂಗಿನಕಾಯಿಯನ್ನು ಜಗಲಿಯ ಮೇಲೆ ಇಡುತ್ತ ಹೋದೆ. ಐನೂರರಲ್ಲಿ ಆಟದ ಒಂದು ಕಾಯಿ ನೆಲ ಕಂಡಿತು. ಮಗ ಆಕಳಿಸಿದ. ಎಂಟುನೂರು ದಾಟಿದಾಗ ಅವನು ಆಕಳಿಸುವುದನ್ನು ಬಿಟ್ಟು ಮುಂದಕ್ಕೆ ಬಾಗಿದ. ಅಲ್ಲಿ ಇನ್ನೊಂದು ಬಿತ್ತು. ಉಳಿದದ್ದು ಒಂದೇ ಅವಕಾಶ. ಒಂಬತ್ತನೆಯ ಕಾಯಿಯನ್ನು ಇಟ್ಟು ಸ್ವಲ್ಪ ಹೊತ್ತಾಗಿತ್ತು, ಗೇಟಿನ ಸದ್ದಾಯಿತು.

ಮಠದ ಅಯ್ಯನವರು.

ನಮ್ಮಲ್ಲಿ ಅಯ್ಯನವರು ಮನೆಗೆ ಬಂದರೆ ಯಜಮಾನನಾದವನು ಎದ್ದು, ಪಾದ ಮುಟ್ಟಿ, ಕೂರಲು ಹಾಸಿ ಕೊಡಬೇಕು. ಮಾವನವರು ತಮ್ಮ ಆಯುಷ್ಯದಲ್ಲಿ ಒಮ್ಮೆಯೂ ಅದನ್ನು ತಪ್ಪಿಸಿದವರಲ್ಲ. ಇತ್ತ ಕಾಯಿಗಳು ಯಾರಿಗೂ ಕಾಯುವಂಥವಲ್ಲ. ನಾನು ಅವರ ಮುಖ ನೋಡಿದೆ. ಧರ್ಮಸಂಕಟ ಎಂಬ ಮಾತನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಉದಾಹರಣೆ ಕಂಡದ್ದು ಅಂದು.

ಮಾವನವರು ಅರೆಗಳಿಗೆಯೂ ಯೋಚಿಸಲಿಲ್ಲ. "ಹಿಡಿ" ಎಂದು ಯಂತ್ರವನ್ನು ಮಗನ ಕೈಗೆ ತುರುಕಿ ಎದ್ದೇಬಿಟ್ಟರು.

"ಬನ್ನಿ ಬುದ್ಧಿ, ಪಾದ ಕೊಡಿ."

ಸುಮ್ಮನೆ ನೆಲಕ್ಕಿಟ್ಟಿದ್ದರೆ ಮಗನಿಗೆ ಗೆಲುವು. ಆದರೆ ಕಾಯಿ ಬೀಳುತ್ತಿರುವಾಗ ಸುಮ್ಮನಿರುವುದು ಮಂಡಿಯಲ್ಲಿ ಬೆಳೆದವನಿಗೆ ಬರುವುದಿಲ್ಲವೇನೋ. ಅವನ ಹೆಬ್ಬೆರಳುಗಳು ತಾವಾಗಿಯೇ ಓಡತೊಡಗಿದವು. ಅವನು ಉಸಿರಾಡುತ್ತಿದ್ದಾನೆಂದು ನನಗೆ ಅನ್ನಿಸಲಿಲ್ಲ.

ಅಯ್ಯನವರು ನಿಧಾನವಾಗಿ ಕೂತರು. ನಿಧಾನವಾಗಿ ಕ್ಷೇಮ ಕೇಳಿದರು. ಮಠದಲ್ಲಿ ಮುಂದಿನ ವಾರ ದಾಸೋಹವಿದೆ, ಐವತ್ತು ಕಾಯಿ ಬೇಕಾಗಿತ್ತು, ಎಂದು ಪೀಠಿಕೆ ಹಾಕಿದರು.

"ನೂರು ಕಳಿಸ್ತೀನಿ ಬುದ್ಧಿ" ಅಂದರು ಮಾವನವರು, ಮಾತು ಬೇಗ ಮುಗಿಯಲೆಂದು.

ಮಗನ ಹೆಬ್ಬೆರಳು ಒಂದು ಕ್ಷಣ ತಡವರಿಸಿತು. ಕಾಯಿ ಬುಟ್ಟಿಯ ಅಂಚಿಗೆ ಸಿಕ್ಕಿತು.

"ಅದೇನಪ್ಪ ಸದ್ದು? ಹಕ್ಕಿಮರಿ ಸಾಕಿದೀಯಾ?" ಎಂದು ಅಯ್ಯನವರು ಮಗನ ಕಡೆ ತಿರುಗಿದರು. ಅವನು ಇನ್ನೊಂದು ಕಾಯಿ ಹಿಡಿದ. ಅತ್ತೆಯವರು ಸಮಯ ನೋಡಿ ಒಂದು ಲೋಟ ಮಜ್ಜಿಗೆ ತಂದು ಅಯ್ಯನವರ ಮುಂದಿಟ್ಟರು. ಅವರು ಲೋಟ ಎತ್ತಿದ್ದೇ ಮಾವನವರು ಪಕ್ಕಕ್ಕೆ ಸರಿದು ಕೂತು ಯಂತ್ರಕ್ಕೆ ಕೈ ಹಾಕಿದರು.

"ಎಷ್ಟು?"

"ಎಪ್ಪತ್ತು ದಾಟ್ತು. ಹಿಡ್ಕೊಳಿ, ಬೇಗ ಹಿಡ್ಕೊಳಿ ಅಪ್ಪಾಜಿ."

ಉಳಿದ ಕಾಯಿಗಳನ್ನು ನಾವೆಲ್ಲ ಸೇರಿ ನೋಡಿದೆವು. ಅಯ್ಯನವರೂ ಮಜ್ಜಿಗೆ ಲೋಟ ಹಿಡಿದು ಬಗ್ಗಿದ್ದರು. ತೊಂಬತ್ತೊಂಬತ್ತು ಬಂತು, ಹೋಯಿತು. ಮೂರು ಸೊನ್ನೆ ಮೂಡಿದವು. ನಾನು ಹತ್ತನೆಯ ಕಾಯಿ ಇಟ್ಟೆ. ಮಾವನವರು ಗುಂಡಿಯಿಂದ ಬೆರಳು ತೆಗೆದು, ಆ ಬುಟ್ಟಿಯವನು ನಿಂತಲ್ಲೇ ನಿಲ್ಲುವುದನ್ನು ನೋಡುತ್ತ ಕೂತರು.

ಆಮೇಲೆ ಹತ್ತನೆಯ ಕಾಯಿಯನ್ನು ಎತ್ತಿ ಹಿಂದಕ್ಕಿಟ್ಟರು.

"ಇದು ಲೆಕ್ಕಕ್ಕಿಲ್ಲ. ಇದರಲ್ಲಿ ನಿಂದು ಸೇರಿದೆ."

ಮಗ ತನ್ನ ಹೆಬ್ಬೆರಳುಗಳನ್ನು ಉಜ್ಜಿಕೊಳ್ಳುತ್ತಿದ್ದ. ಅವನ ಹಣೆಯಲ್ಲಿ ಬೆವರಿತ್ತು.

"ಅಪ್ಪಾಜಿ, ಆರ್ನೂರರ ಆಚೆ ನಾನು ಯಾವತ್ತೂ ಹೋದವನಲ್ಲ. ನೀವು ಕೈಗೆ ಕೊಟ್ಟಾಗ ಎಷ್ಟು ಜೋರಾಗಿ ಓಡ್ತಿತ್ತು ಗೊತ್ತಾ? ಎರಡೇ ನಿಮಿಷಕ್ಕೆ ನನ್ ಕೈ ಸೋತುಹೋಯ್ತು." ಸಾಲಿನಲ್ಲಿದ್ದ ಕಾಯಿಗಳನ್ನು ನೋಡಿ, "ನೀವು ಬೆಳಗಿಂದ ಆಡ್ತಾ ಇದೀರಿ" ಅಂದ.

"ಆಡ್ತಾ ಇದೀನಿ. ಅದಕ್ಕೆ?"

"ಅದಕ್ಕೇನಿಲ್ಲ. ನಾಳೆ ಎಂಟು ಗಂಟೆಗೆ ರೆಡಿ ಇರಿ. ಮಂಡಿಲಿ ಹೊಸ ರಾಶಿ ಬಿದ್ದಿದೆ, ಮಠಕ್ಕೆ ನೂರು ಕಾಯಿ ಬೇರೆ ಆರಿಸ್ಬೇಕು. ಒಪ್ಕೊಂಡೋರೇ ಬಂದು ಆರಿಸ್ಲಿ."

ಮಾವನವರು ಹತ್ತನೆಯ ಕಾಯಿಯನ್ನು ಮತ್ತೆ ಸಾಲಿಗೆ ಇಡಲಿಲ್ಲ. ಅಯ್ಯನವರು ಮಾತ್ರ, ತಾವೂ ಒಂದು ಸಲ ಅದನ್ನು ಪರೀಕ್ಷಿಸಬಹುದೇ ಎಂದು ಕೇಳಿ, ಮೂರು ಕಾಯಿಗಳನ್ನೂ ಒಂದರ ಹಿಂದೊಂದು ಕೈಬಿಟ್ಟು, "ಇದು ನಮಗಲ್ಲ" ಎಂದು ವೈರಾಗ್ಯದಿಂದ ಹಿಂದಿರುಗಿಸಿದರು.

ಮಾರನೆಯ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಸ್ಕೂಟರು ಗೇಟಿನ ಹೊರಗೆ ನಿಂತಿತ್ತು. ಮಾವನವರು ಎಂಟಕ್ಕೆ ಬಹಳ ಮುಂಚೆಯೇ ಟವೆಲ್ಲು ಹೆಗಲಿಗೆ ಹಾಕಿ ಹಿಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದರು. ಮಗ ಇನ್ನೂ ಒಳಗೆ ತಿಂಡಿ ತಿನ್ನುತ್ತಿದ್ದ. ಅತ್ತೆಯವರು ಹಿತ್ತಲಿಗೆ ಹೋಗದೆ ಬಾಗಿಲಲ್ಲೇ ನಿಂತಿದ್ದರು. ಮಗ ಕೈ ಒರೆಸಿಕೊಳ್ಳುತ್ತ ಬಂದು ಕಿಕ್ ಹೊಡೆದ. ಮಾವನವರು ಎರಡೂ ಕೈಗಳಿಂದ ಮಗನ ಸೊಂಟವನ್ನು ಭದ್ರವಾಗಿ ಹಿಡಿದುಕೊಂಡರು.

"ನಿಧಾನಕ್ಕೆ ಹೋಗಪ್ಪ" ಅಂದರು.

ಮಗ ನಿಧಾನಕ್ಕೇ ಹೋದ. ನಡೆದುಕೊಂಡು ಹೊರಟ ನಾನು ತಿರುವಿನವರೆಗೂ ಅವರ ಜೊತೆಜೊತೆಗೇ ಇದ್ದೆ.